ತಂಗಳು ನೀರು

ಪೈಪಿನೊಳಗೆ ನೀರು ಹತ್ತಿ ಬರುವುದು ಕಾಣುತ್ತದೆ, ಮೊದಲು ಒಂದು ಗುಳ್ಳೆ, ಅದರ ಹಿಂದೆ ಹಸಿರು ಬೆರೆತ ನೀರು, ಇನ್ನೊಂದು ಉಸಿರು ಎಳೆದರೆ ಬಾಯಿಗೇ ಬರುತ್ತದೆ, ಬರುವ ಮುಂಚೆ ಪೈಪಿನ ತುದಿಗೆ ಹೆಬ್ಬೆರಳು ಒತ್ತಿ ಕೆಳಗಿನ ಬಕೆಟ್ಟಿಗೆ ಇಳಿಬಿಡಬೇಕು, ವಾರವಾರವೂ ಹಾಗೇ ಮಾಡುತ್ತಾಳೆ ಏಕಾಂತಮ್ಮ, ಇವತ್ತು ಮಾತ್ರ ಬೆರಳು ತಡವಾಯಿತು, ಬಾಯಿ ತುಂಬ ನೀರು, ಪಾಚಿಯ ರುಚಿ, ಮೀನಿನ ರುಚಿ, ಉಗುಳಲು ಎದ್ದರೆ ಅತ್ತೆ ನೋಡುತ್ತಾರೆ ಎಂದು ಹಾಗೇ ನುಂಗಿಬಿಟ್ಟಳು. ಅತ್ತೆ ಗಿರಿಯಮ್ಮ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದಾರೆ, ತೊಡೆಯ ಮೇಲೆ ಫೋನು, ಫೋನಿನ ಮೇಲೆ ಅಂಗೈ, ಮೊಟ್ಟೆಗೆ ಕೂತ ಕೋಳಿಯ ಹಾಗೆ ಅದನ್ನು ಮುಚ್ಚಿಕೊಂಡು, ಕಣ್ಣು ಮಾತ್ರ ಗಾಜಿನ ತೊಟ್ಟಿಯ ಮೇಲೆ. ನೀರು ಬಕೆಟ್ಟಿಗೆ ಬೀಳುವ ಸದ್ದು, ತುಂಬಿದರೆ ಪೈಪು ಮಡಚಿ ಹಿಡಿದು ಅಂಗಳಕ್ಕೆ ಒಯ್ದು ಕರಿಬೇವಿನ ಬುಡಕ್ಕೆ ಸುರಿದು ಮತ್ತೆ ಬಂದು ಕೂರುವುದು, ಮೂರರಲ್ಲಿ ಒಂದು ಪಾಲು ತೆಗೆದು ನಿಲ್ಲಿಸುವುದು ವಾಡಿಕೆ, ಅದಕ್ಕಿಂತ ಹೆಚ್ಚು ತೆಗೆದರೆ ಮೀನಿಗೆ ಊರೇ ಬದಲಾದ ಹಾಗೆ ಆಗುತ್ತದಂತೆ, ಸಂತೆಪೇಟೆಯಲ್ಲಿ ಮೀನು ಮಾರುವ ಗೋವಿಂದಯ್ಯ ಹೇಳಿದ್ದು, ನೀರು ನೋಡ್ಕಳವ್ವ, ಮೀನು ತಮ್ಮನ್ನ ತಾವು ನೋಡ್ಕಂತವೆ — ಇವತ್ತು ನಿಲ್ಲಿಸುವಂತಿಲ್ಲ, ತಳದ ಕಲ್ಲು ಕಾಣಬೇಕು ಎಂದಿದ್ದಾರೆ ಅತ್ತೆ, ಪೂರಾ ತೆಗೆದು ನಲ್ಲಿ ನೀರು ಬಿಡು, ಈಗ ಬರೋದನ್ನೇ ಬಿಡು, ನಿನ್ನ ತಂಗಳು ನೀರು ಬೇಡ. ತಂಗಳು ನೀರು ಎಂದು ಹೆಸರಿಟ್ಟವರೂ ಅತ್ತೆಯೇ, ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ, ಅಂಗಳದ ಡ್ರಮ್ಮಿಗೆ ನಲ್ಲಿ ನೀರು ಹಿಡಿದು ಬಾಯಿ ಮುಚ್ಚದೆ ಒಂದು ದಿನ ಬಿಸಿಲಿಗೆ ಬಿಟ್ಟು, ಬ್ಲೀಚಿಂಗ್ ಪುಡಿಯ ಘಾಟು ಹೋಯಿತೇ ಎಂದು ಬೊಗಸೆಯಲ್ಲಿ ಎತ್ತಿ ಮೂಸಿ ನೋಡಿ ಆಮೇಲೆ ತೊಟ್ಟಿಗೆ ಹಾಕುತ್ತಿದ್ದಳಲ್ಲ, ಎದುರು ಮನೆಯ ಬೋರಕ್ಕ ಕಟ್ಟೆಯ ಮೇಲಿಂದ ಕೇಳಿದ್ದಳು, ಏನೇ ಗಿರಿಯಕ್ಕ ನಿನ್ನ ಸೊಸೆ ನೀರನ್ನೂ ಮೂಸ್ತಾಳಲ್ಲ, ಅತ್ತೆ ಅಂದಿದ್ದರು, ಹಟ್ಟಿಯೋಳಲ್ವೇನೆ, ಕುರಿ ಮೂಸಿದಂಗೆ ಮೂಸ್ತಾಳೆ, ನಮಗೆ ಬಿಸಿ ಮುದ್ದೆ, ಮೀನಿಗೆ ತಂಗಳು ನೀರು. ಇಬ್ಬರೂ ನಕ್ಕಿದ್ದರು. ಕುರಿಯ ಮಾತು ಸುಳ್ಳಲ್ಲ, ಹೊಸ ಮಳೆ ಬಿದ್ದು ಗುಂಡಿಯಲ್ಲಿ ನೀರು ನಿಂತರೆ ಅಪ್ಪ ಕರಿಸಿದ್ದಪ್ಪ ಮೊದಲು ತಾನು ಮೂಸಿ ಆಮೇಲೆ ಕುರಿ ಬಿಡುತ್ತಿದ್ದ, ಅವಳೂ ಹಿಂದೆ ನಿಂತು ಮೂಸುತ್ತಿದ್ದಳು, ಏಳನೇ ಕ್ಲಾಸು ಮುಗಿದ ಮೇಲೆ ಐಮಂಗಲದ ಹೈಸ್ಕೂಲಿಗೆ ಕಳಿಸುವವರು ಯಾರು, ಕುರಿಯ ಹಿಂದೆ ಕಳಿಸಿದರು, ಕುರಿಯ ಹಿಂದೆ ಹೋಗುವವರಿಗೆ ಮಾತು ಬೇಕಾಗುವುದಿಲ್ಲ, ನೋಡುತ್ತಿದ್ದರೆ ಸಾಕು. ಈ ಮನೆಯಲ್ಲಿ ಅವಳನ್ನು ಮೂಗಿ ಅನ್ನುತ್ತಾರೆ.

ನೀರು ಇಳಿದ ಹಾಗೆಲ್ಲ ಮೀನುಗಳು ಕೆಳಗಿಳಿಯುತ್ತವೆ, ಬಂಗಾರದ ಬಣ್ಣದವು ಎಂಟು, ಕರಿಯದು ಒಂದು, ಕರಿಯದಕ್ಕೆ ಕಣ್ಣು ಗುಡ್ಡೆ ಆಚೆ ಬಂದ ಹಾಗೆ, ಬೇರೆಯವು ಓಡಾಡುತ್ತಿದ್ದರೆ ಅದು ಮಾತ್ರ ಪ್ಲಾಸ್ಟಿಕ್ ಕೋಟೆಯ ಬಾಗಿಲಲ್ಲಿ ಮುಖ ಇಟ್ಟುಕೊಂಡು ಹೊರಗೆ ನೋಡುತ್ತಾ ಇರುತ್ತದೆ, ಮಾತು ಬರದ ಯಾರೋ ಬಾಗಿಲಲ್ಲಿ ನಿಂತ ಹಾಗೆ, ಅವಳಿಗೆ ಅದನ್ನು ಕಂಡರೆ ಮೊದಲಿನಿಂದಲೂ ಒಂದು ಥರ. ಎಂಟು ಮತ್ತು ಒಂದು ಎಂದು ಲೆಕ್ಕ ಹೇಳಿದವನು ಹೊಸದುರ್ಗದ ವಾಸ್ತುವಿನವನು, ತೊಟ್ಟಿ ಈಶಾನ್ಯಕ್ಕೆ ಇರಲಿ, ಮನೆಗೆ ಬರೋ ಕಂಟಕಾನ ಮೀನು ತನ್ನ ಮೇಲೆ ತಗಂಡು ಸಾಯ್ತೈತೆ, ಸಣ್ಣಪುಟ್ಟದಕ್ಕೆ ಬಂಗಾರದವು, ಜೀವಕ್ಕೆ ಬಂದದ್ದಕ್ಕೆ ಕರೇದು, ಆದರೆ ಒಂದು ಮಾತಮ್ಮ, ತಾನಾಗೇ ಸಾಯಬೇಕು, ಕೈಯಾರೆ ಸಾಯಿಸಿದ್ರೆ ಕಂಟಕ ಇಲ್ಲೇ ನಿಲ್ತೈತೆ, ಪಾಪಾನೂ ಸುತ್ತಿಕೊಳ್ತೈತೆ. ಅವಳು ಬರುವ ಮುಂಚೆ ಮೀನು ಸಾಯುತ್ತಲೇ ಇದ್ದವಂತೆ, ಸಾಯದೆ ಇನ್ನೇನು, ಹಿಡಿ ಹಿಡಿ ತಿಂಡಿ ಸುರಿಯುವುದು, ಅದು ತಳದಲ್ಲಿ ಕೊಳೆಯುವುದು, ವಾಸನೆ ಬಂದಾಗ ತೊಟ್ಟಿಯನ್ನು ಪೂರಾ ಬರಿದು ಮಾಡಿ ಸೋಪಿನ ಪುಡಿ ಹಾಕಿ ಉಜ್ಜಿ ನಲ್ಲಿಯ ನೀರು ಬಿಡುವುದು, ಮಾರನೇ ದಿನ ಒಂದೆರಡು ತೇಲಿದರೆ ಅತ್ತೆಗೆ ಖುಷಿ, ಸತ್ತದ್ದಕ್ಕೆ ಅರಿಶಿನ ಕುಂಕುಮ ಇಟ್ಟು ಕರಿಬೇವಿನ ಬುಡದಲ್ಲಿ ಹೂತು ಆ ದಿನ ಮನೆಯಲ್ಲಿ ಪಾಯಸ. ಇದು ಜಂಪಣ್ಣನ ವರ್ಗ ನಿಂತ ದಿನ ಹೋಗಿದ್ದು, ಇದು ದುರುಗಕ್ಕನ ಬಾಣಂತನ ಕಷ್ಟ ಆದಾಗ ಹೋಗಿದ್ದು, ಗಿಡದ ಬುಡದಲ್ಲಿ ಬೆರಳಿಟ್ಟು ತೋರಿಸಿ ಹೇಳುತ್ತಿದ್ದರು ಹೊಸ ಸೊಸೆಗೆ, ಸ್ವಂತ ಹೊಲದ ಸಾಲು ತೋರಿಸುವ ಹಾಗೆ. ಜಂಪಣ್ಣ ಎಂದರೆ ಅತ್ತೆಯ ಮಗ, ಅವಳ ಗಂಡ. ದುರುಗಕ್ಕ ಅವನ ಅಕ್ಕ. ಅವಳು ಬಂದ ಮೇಲೆ ಮೀನು ಸಾಯುವುದು ನಿಂತಿತು, ಅವಳೇನೂ ದೊಡ್ಡದು ಮಾಡಲಿಲ್ಲ, ಗೋವಿಂದಯ್ಯ ಹೇಳಿದ್ದನ್ನು ಮಾಡಿದಳು ಅಷ್ಟೇ, ತಿಂಡಿ ಚಿಟಿಕೆಯಷ್ಟು, ನೀರು ತಂಗಿಸಿದ್ದು, ಮೋಟರಿನ ಸ್ಪಂಜನ್ನು ನಲ್ಲಿಗೆ ಹಿಡಿಯದೆ ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಹಿಂಡುವುದು, ಅದರ ಲೋಳೆಯಲ್ಲೇ ನೀರಿನ ಜೀವ ಇರುತ್ತದಂತೆ. ಮೊದಮೊದಲು ಅತ್ತೆ ಬಂದವರಿಗೆಲ್ಲ ತೋರಿಸಿ ಹೆಮ್ಮೆಪಟ್ಟರು. ಆಮೇಲೆ ಒಂದು ಸಂಜೆ ಸುಮ್ಮನೆ ನೋಡುತ್ತಾ ಕೂತಿದ್ದವರು, ಈ ಮನೇಲಿ ಪಾಯಸ ಮಾಡಿ ಯಾವ ಕಾಲ ಆತು, ಎಂದರು. ಅದನ್ನು ಅವರು ಯಾರಿಗೂ ಹೇಳಿದ್ದಲ್ಲ. ಅವಳಿಗೆ ಕೇಳಿಸಿತು.

ಆ ಕೋಟೆಯನ್ನು ತಂದವನು ಜಂಪಣ್ಣನೇ, ದಾವಣಗೆರೆಯಿಂದ ಬರುವಾಗ ತಂದು, ತಗಾ, ನಿನ್ನ ಮೀನು ದುರ್ಗದವು, ಕೋಟೆ ಇಲ್ಲದೆ ಹೆಂಗೆ ಇರ್ತವೆ, ಎಂದು ತಾನೇ ತೋಳು ಮಡಚಿ ನೀರಿಗೆ ಇಳಿಸಿದ್ದ, ಆ ಒಂದು ದಿನ ಅವಳು ಅವನ ಮುಂದೆ ನಕ್ಕಿದ್ದಳು — ಒಂದು ದಿನ ಇದ್ದದ್ದನ್ನು ಇಲ್ಲ ಅನ್ನಬಾರದು, ಉಳಿದ ದಿನಗಳದ್ದನ್ನೂ ಇಲ್ಲ ಅನ್ನಬಾರದು. ಬಸ್ ಡಿಪೋದಿಂದ ಜೊತೆಯವರನ್ನು ಕರೆತಂದು ಕೂರಿಸಿಕೊಂಡು, ಲೇ ಮೂಗಿ ಎಂದು ಕರೆಯುವನು, ಒಲೆಯ ಮುಂದಿನಿಂದ ಎದ್ದು ಬರುವಷ್ಟರಲ್ಲಿ ತಡವಾಗುವುದು, ಅವನು ಸಿಗರೇಟಿನ ಬೂದಿಯನ್ನು ತೊಟ್ಟಿಗೆ ಕೊಡವುವನು, ಅವಳು ಓಡಿ ಬರುವಳು, ಬೂದಿ ಕರಗುವ ಮುಂಚೆ ಬಟ್ಟಲಿನಲ್ಲಿ ಎತ್ತಲು, ನೋಡ್ರಲೇ, ಗಂಡ ಕರೆದ್ರೆ ಬರಲ್ಲ, ಬೂದಿ ಬಿದ್ರೆ ಬರ್ತಾಳೆ, ಎಲ್ಲರೂ ನಗುವರು, ಇನ್ನೊಮ್ಮೆ ಕರೀ ನೋಡಾಣ ಎಂದು ಒಬ್ಬ ಕೇಳುವನು, ಇನ್ನೊಮ್ಮೆ ಬೂದಿ. ಒಂದು ಸಲ ಬ್ರಾಂದಿಯ ತಳವನ್ನೇ ಸುರಿದ, ಮೀನಿಗೂ ಭಾನುವಾರ ಬೇಡವೇನೆ ಎಂದು, ಮೀನುಗಳು ಗಾಜಿಗೆ ತಲೆ ಹೊಡೆದುಕೊಂಡು ಸುತ್ತಿದವು, ಅವಳು ಅವನ ಕೈ ಹಿಡಿದಳು, ಹಿಡಿಯಬಾರದಿತ್ತು, ಅಷ್ಟು ಜನರ ಮುಂದೆ, ಬಳೆ ಒಡೆದು ಮಣಿಕಟ್ಟಿಗೆ ಹೊಕ್ಕಿತು, ರಕ್ತ ಸುರಿಯುವ ಕೈಯಲ್ಲೇ ನೀರು ಬದಲಾಯಿಸಿದಳು, ಡ್ರಮ್ಮಿನಲ್ಲಿ ತಂಗಿಸಿದ ನೀರಿತ್ತು, ಒಂದೂ ಸಾಯಲಿಲ್ಲ. ಅತ್ತೆ ಆಗಲೂ ಈ ಕುರ್ಚಿಯಲ್ಲೇ ಇದ್ದರು, ಒಂದಾದರೂ ಹೋಗಿದ್ರೆ ಅವನ ಕುಡಿತದ ಕಂಟಕ ಹೋಗ್ತಿತ್ತು, ಎಂದರು. ಈಗ ಅವನು ದಾವಣಗೆರೆಯ ಆಸ್ಪತ್ರೆಯಲ್ಲಿ ಬಾಯಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದಾನೆ. ಮನೆದೇವರಿಗೆ ಹರಕೆಯ ಟಗರು ಮರಿ ತರಲು ಅವಳ ಅಪ್ಪನ ಹಟ್ಟಿಗೆ ಹೋಗಿದ್ದ, ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಬೈಕಿನಲ್ಲಿ ಬರುವಾಗ ಐಮಂಗಲ ದಾಟಿದ ಮೇಲೆ ಲಾರಿ ತಾಗಿತು, ಬಿದ್ದ ಮೇಲೂ ಮರಿಯನ್ನು ಅವುಚಿಕೊಂಡಿದ್ದನಂತೆ, ಜನ ಅವನ ತೋಳು ಬಿಡಿಸಿದರೆ ಮರಿ ಮೈ ಕೊಡವಿ ಎದ್ದು ರಸ್ತೆ ಬದಿಯ ಗರಿಕೆಗೆ ಬಾಯಿ ಹಾಕಿತಂತೆ. ಈಗ ಅಂಗಳದಲ್ಲಿ ಕಟ್ಟಿದೆ. ಅರಚುತ್ತದೆ. ಅತ್ತೆ ಆಸ್ಪತ್ರೆಯಿಂದ ವಾಪಸು ಬಂದವರು ಮೊದಲು ಮರಿಯನ್ನು ನೋಡಿದರು, ಆಮೇಲೆ ತೊಟ್ಟಿಯನ್ನು, ಆಮೇಲೆ ಅವಳನ್ನು. ಮರಿ ಉಳೀತು, ಮೀನು ಉಳಿದ್ವು, ನೀನೂ ಉಳ್ದೆ. ನನ್ನ ಮಗ ಮಾತ್ರ ಹೋಗ್ಬೇಕೇನೆ.

ಅವತ್ತಿನಿಂದ ತೊಟ್ಟಿಯ ಮೋಟರು ನಿಂತಿತು, ಅತ್ತೆಯೇ ಸ್ವಿಚ್ಚು ಆರಿಸಿದರು, ಆರಿಸುವುದು ಸಾಯಿಸುವುದಲ್ಲವಲ್ಲ. ಮೀನು ಸಾಯಲಿಲ್ಲ. ಒಂದು ವರ್ಷ ನೋಡಿಕೊಂಡ ನೀರು ಗಟ್ಟಿಯಾಗಿತ್ತು, ಸಾಕಿದ ನಾಯಿಯ ಹಾಗೆ ನೀರೇ ಅವುಗಳನ್ನು ಕಾಯುತ್ತಿತ್ತು. ಇವತ್ತು ಬೆಳಗ್ಗೆ ದುರುಗಕ್ಕ ಆಸ್ಪತ್ರೆಯಿಂದ ಫೋನು ಮಾಡಿ, ಇವತ್ತು ನಾಳೆ ದಾಟಬೇಕಂತವ್ವ, ಡಾಕ್ಟರು ಅದಕ್ಕಿಂತ ಹೆಚ್ಚಿಗೆ ಬಾಯಿ ಬಿಡ್ತಿಲ್ಲ, ಎಂದಳು. ಫೋನಿಟ್ಟ ಅತ್ತೆ ಅವಳನ್ನು ಹತ್ತಿರ ಕರೆದು, ಎಂದೂ ಇಲ್ಲದ ಮೆತ್ತನೆ ದನಿಯಲ್ಲಿ, ಆ ಕರೇದು ಹೋಗ್ಬೇಕು ಕಣೆ ಏಕಾಂತಿ, ನೀನು ನೀರು ಬದಲಾಯಿಸು ಅಷ್ಟೇ, ನೀರು ಬದಲಾಯಿಸಾದು ಪಾಪ ಅಲ್ಲ, ಮುಂಚೆ ನಾನು ಮಾಡ್ತಿರಲಿಲ್ವೇ ಹಂಗೆ ಮಾಡು, ನಿನ್ನ ತಾಳಿ ಉಳಿಸ್ಕಾ, ಎಂದರು. ಅವಳು ಪೈಪು ತಂದಳು. ಈಗ ನೀರು ಗೇಣುದ್ದ ಉಳಿದಿದೆ, ಮೀನುಗಳ ಬೆನ್ನು ಕಾಣುತ್ತಿದೆ, ಕೋಟೆ ಗಾಳಿಗೆ ಬಂದು ಅದರ ಮೇಲಿನ ಪಾಚಿ ನೇತುಬಿದ್ದಿದೆ, ಅಷ್ಟರಲ್ಲಿ ಅತ್ತೆಯ ತೊಡೆಯ ಮೇಲಿನ ಫೋನು ಅಲುಗಿತು, ಒಳಗೆ ಸರಿಯಾಗಿ ಕೇಳಿಸುವುದಿಲ್ಲ, ಅತ್ತೆ ಏಳುತ್ತಾ ಬೀಳುತ್ತಾ ಅಂಗಳಕ್ಕೆ ಓಡಿದರು, ಹೇಳೇ ದುರುಗಿ, ಹೇಳೇ — ಏಕಾಂತಮ್ಮನ ಕೈಯಲ್ಲಿ ಚೊಂಬಿತ್ತು. ಚೊಂಬು ತಾನಾಗಿ ನೀರಿಗೆ ಇಳಿಯಿತು ಎಂದು ಆಮೇಲೆ ಎಷ್ಟು ಸಲ ಅಂದುಕೊಂಡರೂ ಅದು ನಿಜವಲ್ಲ, ಕೈ ಅವಳದೇ, ಕರಿಯದು ಓಡಲೂ ಇಲ್ಲ, ಚೊಂಬಿನ ಬಾಯಿಯನ್ನು ಕೋಟೆಯ ಬಾಗಿಲು ಅಂದುಕೊಂಡಿತೇನೋ, ಮುಖ ಮುಂದೆ ಮಾಡಿ ಒಳಗೆ ಬಂತು. ಬಚ್ಚಲಿನಲ್ಲಿ ಒಂದು ಬಕೆಟ್ಟು ತಂಗಿಸಿದ ನೀರಿತ್ತು, ನಿನ್ನೆಯೇ ಡ್ರಮ್ಮಿನಿಂದ ತೆಗೆದಿಟ್ಟದ್ದು, ಅದರಲ್ಲಿ ಬಿಟ್ಟು ಮೇಲೆ ಮೊರ ಮುಚ್ಚಿ ಬಂದು ಕೂತು ಪೈಪು ಹಿಡಿದಳು. ಆಗ ಯೋಚನೆ ಬಂತು. ಅತ್ತೆ ಹೇಳುವುದು ಸುಳ್ಳಾದರೆ ಒಂದು ಮೀನು ಉಳಿಯಿತು, ಅಷ್ಟೇ. ನಿಜವಾದರೆ — ನಿಜವಾದರೆ ತಾನು ಈಗ ಮಾಡಿದ್ದಕ್ಕೆ ಏನೆಂದು ಹೆಸರು. ಎದ್ದು ಹೋಗಿ ವಾಪಸು ತಂದು ಬಿಡಬಹುದು, ಹತ್ತು ಹೆಜ್ಜೆಯೂ ಇಲ್ಲ, ಅತ್ತೆ ಇನ್ನೂ ಅಂಗಳದಲ್ಲಿ, ಹೂಂ ಹೂಂ ಎನ್ನುವುದು ಕೇಳುತ್ತಿದೆ. ಏಳಲಿಲ್ಲ. ಬೂದಿ ನೆನಪಾಯಿತೇ, ಬಳೆ ನೆನಪಾಯಿತೇ, ಏನೂ ನೆನಪಾಗಲಿಲ್ಲ, ಸುಮ್ಮನೆ ಏಳಲಿಲ್ಲ, ಅದೇ ಅವಳಿಗೆ ಹೆಚ್ಚು ಭಯ.

ಅತ್ತೆ ಬಂದು ಹೇಳಿದ್ದು ಹೊಸದೇನಲ್ಲ, ಹಂಗೇ ಅವನಂತೆ, ಎಂದರು, ಡ್ರಮ್ಮನ್ನು ನಾನೇ ಉರುಳಿಸಿ ಬಂದೆ ಎಂದರು, ತಂಗಳು ನೀರು ಅಂಗಳವೆಲ್ಲ ಹರಿದು ಟಗರು ಮರಿ ಅದರಲ್ಲಿ ಕಾಲೆತ್ತಿ ಕಾಲೆತ್ತಿ ನಿಂತಿತ್ತು. ನಲ್ಲಿಗೆ ಪೈಪು ಸಿಕ್ಕಿಸಿ ಕಿಟಕಿಯಿಂದ ಒಳಗೆ ಎಳೆದು ಬಿಟ್ಟರೆ ನೀರು ಸೀಳಿಕೊಂಡು ಬಂತು, ಬೇಸಿಗೆಯಲ್ಲಿ ಪುಡಿ ಜಾಸ್ತಿ ಹಾಕುತ್ತಾರೆ, ಘಾಟು ಮನೆಯೆಲ್ಲ ಹರಡಿತು, ಒಗೆದ ಬಟ್ಟೆಯ ಹಾಗೆ, ಆಸ್ಪತ್ರೆಯ ಹಾಗೆ. ತಳದ ಗಸಿ ಎದ್ದು ನೀರು ಬೆಳ್ಳಗೆ ಕಲಕಿತು, ಅತ್ತೆಯ ಕಣ್ಣಿಗೆ ಪೊರೆ ಬಂದಿದೆ, ಸಂಜೆಯಾಗುತ್ತಿತ್ತು, ಕರೇದೆಲ್ಲೇ ಎಂದು ಒಮ್ಮೆ ಕೇಳಿದರು, ಕೋಟೆಯೊಳಗೆ ಎಂದು ಅವಳು ಕೈ ತೋರಿಸಿದಳು, ಬಾಯಲ್ಲಿ ಹೇಳದೆ ಕೈ ತೋರಿಸಿದರೆ ಅದು ಸುಳ್ಳಾಗುವುದಿಲ್ಲವಲ್ಲ, ಅತ್ತೆಗೆ ಅವರ ಲೆಕ್ಕ, ಅವಳಿಗೆ ಅವಳದು. ಬಂಗಾರದವು ಮೊದಲು ಹುಚ್ಚು ಹಿಡಿದ ಹಾಗೆ ಸುತ್ತಿದವು, ಕಲ್ಲಿಗೆ ಮೈ ಉಜ್ಜಿಕೊಂಡವು, ಆಮೇಲೆ ಒಂದೊಂದಾಗಿ ಮೇಲೆ ಬಂದು ನೀರಿನ ಅಂಚಿಗೆ ಬಾಯಿ ಇಟ್ಟವು, ತೆರೆಯುವುದು, ಮುಚ್ಚುವುದು, ತೆರೆಯುವುದು, ಮುಚ್ಚುವುದು, ಎಂಟು ಬಾಯಿ, ಅಷ್ಟು ನೀರಿನಲ್ಲಿ ಇದ್ದುಕೊಂಡು ನೀರು ಕೇಳುವ ಹಾಗೆ. ಅತ್ತೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ಒಲೆಯ ಮೇಲಿನ ಹಾಲು ಉಕ್ಕುವುದನ್ನು ಕಾಯುವಂತೆ ಕಾದರು, ತುಟಿ ಅಲುಗುತ್ತಿತ್ತು, ದೇವರ ಹೆಸರು ಹೇಳುತ್ತಿದ್ದರೋ ಮಗನ ಹೆಸರೋ, ಅವರ ಬಾಯಿಯೂ ಹಾಗೇ, ತೆರೆಯುವುದು, ಮುಚ್ಚುವುದು. ಏಕಾಂತಮ್ಮ ಗೋಡೆಗೆ ಒರಗಿ ನೋಡಿದಳು, ಕಣ್ಣು ತಿರುಗಿಸಬಹುದಿತ್ತು, ಅವಳಿಗೆ ಅಭ್ಯಾಸವಿಲ್ಲ, ಕುರಿ ಕೊಯ್ಯುವಾಗಲೂ ಅಪ್ಪ ಅಂದಿದ್ದ, ಹುಡುಗಿ ಕಣ್ಣು ಮುಚ್ಚದೆ ನೋಡ್ತಾಳೆ, ಇವಳಿಗೆ ಏನೋ ಕಡಿಮೆ ಐತೆ.

ಬೆಳಗ್ಗೆ ಎಲ್ಲಾ ತೇಲಿದ್ದವು, ಮಗ್ಗುಲಾಗಿ, ಬಣ್ಣ ಮಾತ್ರ ಹಾಗೇ, ದೀಪದ ಕುಡಿಗಳ ಹಾಗೆ. ಅತ್ತೆ ಅವುಗಳನ್ನು ನೋಡುತ್ತಾ ನಿಂತಿದ್ದಾಗಲೇ ಫೋನು ಬಂತು, ಈ ಸಲ ಅಂಗಳಕ್ಕೆ ಹೋಗುವಷ್ಟು ತಾಳ್ಮೆ ಇರಲಿಲ್ಲ, ಅಲ್ಲೇ ಕೂಗಿ ಕೇಳಿದರು, ದುರುಗಕ್ಕನ ದನಿ ಫೋನಿನಾಚೆಗೂ ಕೇಳಿತು, ಕಣ್ಣು ಬಿಟ್ಟ ಕಣವ್ವ, ಕೊಳವೆ ತಗದವ್ರೆ, ನೀರು ನೀರು ಅಂತಾನೆ, ಈಗಲೇ ನೀರು ಕೊಡಂಗಿಲ್ಲವಂತೆ, ಹತ್ತಿ ಅದ್ದಿ ತುಟಿಗೆ ಇಡ್ತಾ ಇದೀನಿ, ಮಗು ಚೀಪಿದಂಗೆ ಚೀಪ್ತಾನವ್ವ. ಅತ್ತೆ ನೆಲಕ್ಕೆ ಕುಸಿದು ಅತ್ತರು, ಅಳುತ್ತಲೇ ಏಕಾಂತಮ್ಮನನ್ನು ಹತ್ತಿರ ಎಳೆದುಕೊಂಡು ತಲೆಯ ಮೇಲೆ ಕೈ ಇಟ್ಟರು, ಈ ಮನೆಗೆ ಬಂದ ಮೇಲೆ ಮೊದಲ ಸಲ ಆ ಕೈ ಅವಳ ತಲೆಯ ಮೇಲೆ, ಭಾರವಾಗಿತ್ತು, ಬೆಚ್ಚಗಿತ್ತು, ನೀನೇ ಕಣೆ ಉಳಿಸಿದ್ದು, ನನ್ನ ತಾಯಿ, ಪಾಯಸಕ್ಕೆ ಇಡು, ಮೊದಲು ಪಾಯಸಕ್ಕೆ ಇಡು, ಆ ಕೈಯ ಕೆಳಗೆ ಅವಳಿಗೂ ಅಳು ಬಂತು, ಅವನು ಕಣ್ಣು ಬಿಟ್ಟದ್ದಕ್ಕೋ, ಬಕೆಟ್ಟಿನಲ್ಲಿ ಕರಿಯದು ಬದುಕಿರುವಾಗಲೇ ಅವನು ಕಣ್ಣು ಬಿಟ್ಟದ್ದಕ್ಕೋ, ಹಾಗಾದರೆ ಎಲ್ಲಾ ಸುಳ್ಳು, ತಾನು ಏನೂ ಮಾಡಿಲ್ಲ, ಹೇಳಿಬಿಡಲೇ ಈಗ, ಅತ್ತೆ ನೋಡ್ರಿ ಅದು ಬದುಕೈತೆ, ಇವರೂ ಬದುಕವ್ರೆ, ಎರಡೂ ಆಗ್ತೈತೆ ಅತ್ತೆ — ಎಂದು ಮಾತು ಜೋಡಿಸುತ್ತಿದ್ದಳು. ಅಷ್ಟರಲ್ಲಿ ಕೈ ತಲೆಯಿಂದ ಎದ್ದುಹೋಗಿತ್ತು. ಅತ್ತೆ ಅರಿಶಿನದ ಬಟ್ಟಲು ಹಿಡಿದು ತೊಟ್ಟಿಯ ಮುಂದೆ ಬಗ್ಗಿ ಸತ್ತವುಗಳನ್ನು ಎತ್ತಿ ಎತ್ತಿ ತಟ್ಟೆಗೆ ಹಾಕುತ್ತಿದ್ದರು, ಕರೇದೆಲ್ಲೈತೆ ನನ್ನಪ್ಪ, ನೀನು ತಾನೇ ದೊಡ್ಡೋನು, ನಿನಗೆ ಮೊದಲು ಕುಂಕುಮ, ಎನ್ನುತ್ತಾ ಕೋಟೆಯನ್ನು ಎತ್ತಿ ಅಲುಗಿಸಿದರು, ಮಗ್ಗುಲು ಮಾಡಿದರು, ಬೆರಳು ಹಾಕಿ ನೋಡಿದರು. ಕಲ್ಲನ್ನೆಲ್ಲ ಕೆದಕಿದರು. ಆಮೇಲೆ ನಿಧಾನವಾಗಿ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು, ಅವಳ ಮುಖ ನೋಡದೆ, ಅಡಿಗೆಮನೆಗೆ ಹೋದರು, ಹಿತ್ತಿಲಿಗೆ ಹೋದರು, ಬಚ್ಚಲಿಗೆ ಹೋದರು. ಮೊರ ನೆಲಕ್ಕೆ ಬಿದ್ದ ಸದ್ದು.

ಅತ್ತೆಯ ದನಿ ಏರಲಿಲ್ಲ. ಯಾಕೆ ತಗದಿಟ್ಟೆ, ಎಂದರು. ಬಕೆಟ್ಟಿನಲ್ಲಿ ಅದು ಅಂಚಿನ ಸುತ್ತ ತಿರುಗುತ್ತಿತ್ತು. ಅವಳು ಹೇಳಿದಳು, ಅದೇನು ಮಾಡಿತ್ತು ಅತ್ತೆ. ಈ ಮನೆಯಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು. ಅತ್ತೆ ಅಂದರು, ನನ್ನ ಮಗ ಏನು ಮಾಡಿದ್ದನೇ ನಿನಗೆ. ಏನು ಮಾಡಿದ್ದ, ಏನು ಮಾಡಿದ್ದ, ಈಗ ಹೇಳಬಹುದು, ಬೂದಿ, ಬ್ರಾಂದಿ, ಮಣಿಕಟ್ಟಿನ ಗಾಯ ಇನ್ನೂ ಇದೆ ತೋರಿಸಬಹುದು, ನೀವೂ ಅಲ್ಲೇ ಕೂತಿದ್ರಿ ಅತ್ತೆ ಎನ್ನಬಹುದು, ಆದರೆ ಕೋಟೆ ತಂದಿದ್ದ, ತೋಳು ಮಡಚಿ ನೀರಿಗೆ ಇಳಿಸಿದ್ದ, ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡಿದ್ದ, ಬಿದ್ದ ಮೇಲೂ ಬಿಟ್ಟಿರಲಿಲ್ಲ, ಯಾವುದನ್ನು ಮೊದಲು ಹೇಳುವುದು, ಬಾಯಿ ತೆರೆಯಿತು, ಮುಚ್ಚಿತು. ಅವರು ಉಳಿದವ್ರೆ ಅತ್ತೆ, ಎಂದಳು ಕೊನೆಗೆ. ಉಳಿದಿಲ್ಲ ಕಣೆ, ಅರ್ಧ ಉಳಿದವ್ನೆ, ಅದಕ್ಕೇ ಬಾಯಿಗೆ ನೀರು ಬೀಳ್ತಿಲ್ಲ, ಇದು ಎಲ್ಲೀತನಕ ಇದ್ರಾಗೆ ಆಡ್ತಿರ್ತೈತೋ ಅಲ್ಲೀತನಕ ಅವನು ಅಲ್ಲಿ ಒದ್ದಾಡ್ತಾ ಇರ್ತಾನೆ. ಅತ್ತೆಯ ಲೆಕ್ಕದಲ್ಲಿ ಎಲ್ಲಿಯೂ ತಪ್ಪಿಲ್ಲ. ಕಲಕಿ ಬಿಟ್ಟ ನೀರಿನ ಹಾಗೆ ಅದರ ತಳ ಕಾಣುವುದಿಲ್ಲ, ಅಷ್ಟೇ. ಅವರು ಅಡಿಗೆಮನೆಯಿಂದ ರಾತ್ರಿ ಉಳಿದ ಅನ್ನದ ತಪ್ಪಲೆ ತಂದು ಬಕೆಟ್ಟಿನ ಮೇಲೆ ಬಗ್ಗಿಸಿದರು, ಹಿಡಿಯಲ್ಲಿ ಕಿವುಚಿ ಕಿವುಚಿ ಹಾಕಿದರು, ಊಟ ಹಾಕೋದು ಪಾಪ ಅಲ್ಲ, ತಿನ್ಲಿ. ಆಮೇಲೆ ನೀರಿನ ಕೊಡಗಳು, ಅಡಿಗೆಮನೆಯದು ಎರಡು, ಕುಡಿಯುವ ನೀರಿನ ತಾಮ್ರದ ಹಂಡೆ, ದೇವರ ಮುಂದಿನ ಚೊಂಬು ಕೂಡ, ಒಂದೊಂದಾಗಿ ಒಯ್ದು ಅಂಗಳಕ್ಕೆ ಸುರಿದರು, ತೊಟ್ಟಿಯಲ್ಲಿದ್ದ ಸತ್ತ ನೀರನ್ನು ಅವಳ ಕೈಯಿಂದಲೇ ತೆಗೆಸಿದರು, ಈ ಮನೆಯೊಳಗೆ ನಲ್ಲಿಯಿಲ್ಲ, ನಲ್ಲಿ ಅಂಗಳದ್ದು. ಸೀರೆ ಬದಲಾಯಿಸಿಕೊಂಡು ಚೀಲ ಹಿಡಿದು ಬಾಗಿಲಲ್ಲಿ ನಿಂತು, ನಾನು ದಾವಣಗೆರೆಗೆ ಹೋಗಿ ಸಂಜೆ ಬರ್ತೀನಿ, ಬರೋ ಹೊತ್ತಿಗೆ ಅದು ತೇಲಿರಬೇಕು, ನೀನು ಮುಟ್ಟಬ್ಯಾಡ, ತಾನಾಗೇ ಹೋಗ್ಬೇಕು, ತಿಳೀತಾ, ಎಂದು ಹಿತ್ತಿಲ ಬಾಗಿಲಿಗೂ ಮುಂಬಾಗಿಲಿಗೂ ಹೊರಗಿನಿಂದ ಬೀಗ ಹಾಕಿದರು. ನಾನೂ ಬರ್ತೀನಿ ಅತ್ತೆ, ಅವರನ್ನ ನೋಡ್ತೀನಿ, ಎನ್ನಬೇಕಿತ್ತು. ಬೀಗ ಹಾಕಿದ ಮೇಲೆ ನೆನಪಾಯಿತು. ಆಟೋ ಹೋದ ಸದ್ದು, ಮರಿ ಅರಚಿದ ಸದ್ದು, ಆಮೇಲೆ ಬಿಸಿಲು.

ಅನ್ನ ಆಯುತ್ತಾ ಕೂತಳು, ಅಗುಳು ಅಗುಳಾಗಿ ಬೆರಳಲ್ಲಿ ಎತ್ತಿದಳು, ಸೆರಗನ್ನು ಜರಡಿ ಮಾಡಿ ಸೋಸಿದಳು, ಆದರೂ ಗಂಜಿ ಬಿಟ್ಟುಕೊಂಡು ನೀರು ಬೆಳ್ಳಗಾಯಿತು, ಬಿಸಿಲೇರಿದ ಹಾಗೆ ಅಂಟಾಯಿತು, ಎತ್ತಿ ಮೂಸಿದರೆ ಹುಳಿಯ ವಾಸನೆ, ಕುರಿಯೂ ಕುಡಿಯದ ನೀರು. ಮನೆಯಲ್ಲಿ ಇರುವ ನೀರು ಇದೊಂದೇ. ಗಂಟಲು ಒಣಗಿ ನಾಲಿಗೆ ಅಂಗುಳಿಗೆ ಹತ್ತುತ್ತಿದೆ, ಕರಿಯದು ಸುತ್ತುವುದನ್ನು ಬಿಟ್ಟು ಮೇಲೆ ಬಂದಿದೆ, ಗುಡ್ಡೆ ಕಣ್ಣು ಎರಡು ಕಡೆಗೆ, ಬಾಯಿ ಮಾತ್ರ ಅವಳ ಕಡೆಗೆ, ತೆರೆಯುವುದು, ಮುಚ್ಚುವುದು, ಬೊಗಸೆಯಲ್ಲಿ ನೀರೆತ್ತಿ ಮೇಲಿಂದ ಬಿಟ್ಟರೆ ಗಾಳಿ ಸೇರುತ್ತದೆ ಎಂದು ಗೋವಿಂದಯ್ಯ ಹೇಳಿದ್ದ, ಎತ್ತಿ ಬಿಡುತ್ತಾಳೆ, ಎತ್ತಿ ಬಿಡುತ್ತಾಳೆ, ತೋಳು ಸೋಲುತ್ತದೆ, ದಾವಣಗೆರೆಯಲ್ಲಿ ಅತ್ತೆ ಈಗ ಹತ್ತಿ ಅದ್ದುತ್ತಿರಬಹುದು, ಅವನು ಬಾಯಿ ತೆರೆಯುತ್ತಾನೆ, ಮುಚ್ಚುತ್ತಾನೆ, ಸಂಜೆಗೆ ನೀರು ಕುಡಿದರೆ ಇದು ಸತ್ತದ್ದಕ್ಕೆ ಕುಡಿದ ಎನ್ನುತ್ತಾರೆ, ಕುಡಿಯದೆ ಹೋದರೆ ಇದು ಉಳಿದದ್ದಕ್ಕೆ ಹೋದ ಎನ್ನುತ್ತಾರೆ, ಯಾವುದು ಆದರೂ ತಾನೇ, ಯಾವುದು ಆಗಲಿ ಎಂದು ಬೇಡಿಕೊಳ್ಳುವುದು, ದೇವರ ಮುಂದೆ ಚೊಂಬು ಕೂಡ ಬರಿದು — ಬಾಯಿ, ತೆರೆಯುವುದು, ಮುಚ್ಚುವುದು. ಎದ್ದು ಕಿಟಕಿಗೆ ಹೋದಳು. ಎದುರು ಮನೆಯ ಅಂಗಳದಲ್ಲಿ ಬೋರಕ್ಕ ನೆರಳಿಗೆ ಕೂತು ಸೊಪ್ಪು ಸೋಸುತ್ತಿದ್ದಾಳೆ, ಪಕ್ಕದಲ್ಲಿ ಸಾಲಾಗಿ ಕೊಡಗಳು, ತುಂಬಿದವು, ಮುಚ್ಚಳ ಹಾಕಿದವು. ಬೋರಕ್ಕ ತಲೆ ಎತ್ತಿ ಕಿಟಕಿಯ ಕಡೆ ನೋಡಿದಳು. ಕಂಬಿ ಹಿಡಿದ ಕೈ ನೋಡಿದಳು. ಮತ್ತೆ ಸೊಪ್ಪಿಗೆ ಬಗ್ಗಿದಳು. ಹೊಸ ನೀರು ಬೇಡ, ಹೊಸ ನೀರು ಆಗುವುದಿಲ್ಲ, ಬೀದಿಯ ಈ ಕಡೆಯಿಂದ ಆ ಕಡೆಗೆ ಕೇಳುವಷ್ಟು ಜೋರಾಗಿ ಅವಳು ಎಂದೂ ಮಾತಾಡಿದವಳಲ್ಲ, ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು.

ಬೋರಕ್ಕ, ನಿನ್ನೆ ಹಿಡಿದ ನೀರಿದ್ರೆ ಒಂದು ಚೊಂಬು ಕೊಡ್ರಿ.

ಬೋರಕ್ಕ ಸೊಪ್ಪಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ನಿನ್ನೆದು ಬೋರಕ್ಕ. ಒಂದೇ ಒಂದು ಚೊಂಬು.